ನಾಯಿಯ ತಿನಿಸು ಮತ್ತು ಬಿಸಿಗಾಳಿಯ ಒಲೆ

ಮನೆಯ ನಾಯಿಗೆ ತಿನಿಸನ್ನು ಮನೆಯಲ್ಲಿಯೇ ಮಾಡಿಕೊಡಬೇಕೆಂಬ ಹಂಬಲ ಈಚಿನ ವರ್ಷಗಳಲ್ಲಿ ಹಲವರಲ್ಲಿ ಕಾಣುತ್ತಿದೆ. ಹೊತ್ತುಹೊತ್ತಿಗೆ ಹಾಕುವ ಅನ್ನ, ಮುದ್ದೆಗಳ ಮಾತಲ್ಲ ಇದು. ಕರೆದಾಗ ಓಡಿ ಬಂದುದಕ್ಕೆ, ಕೂರೆಂದಾಗ ಕೂತುದಕ್ಕೆ ಮೆಚ್ಚಿಕೆಯಾಗಿ ಕೊಡುವ ಗರಿಗರಿಯಾದ ಬಿಸ್ಕತ್ತು, ಒಣಗಿಸಿದ ಕೋಳಿಮಾಂಸದ ಚೂರು ಮೊದಲಾದವುಗಳ ಮಾತು. ಇಂತಹ ತಿನಿಸನ್ನು ಅಂಗಡಿಯಲ್ಲಿ ಮಾರುವ ಪದ್ಧತಿ ಹೊಸದೇನೂ ಅಲ್ಲ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿಯೊಬ್ಬನು ೧೮೬೦ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿಗಳಿಗಾಗಿಯೇ ಬಿಸ್ಕತ್ತು ಮಾಡಿ ಮಾರತೊಡಗಿದನು. ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ಬಂದರಿನ ನಾಯಿಗಳು ಆಸೆಯಿಂದ ತಿನ್ನುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ.

ಆ ವ್ಯಾಪಾರ ಬೆಳೆದು ಹೆಮ್ಮರವಾದ ಮೇಲೆ ಅದರ ಮೇಲಣ ನಂಬಿಕೆಗೆ ಒಂದು ಪೆಟ್ಟು ಬಿತ್ತು. ಪೊಟ್ಟಣದ ಒಣಮಾಂಸವನ್ನು ತಿಂದ ನಾಯಿಗಳು ಕಾಯಿಲೆ ಬಿದ್ದವೆಂಬ ದೂರುಗಳು ೨೦೦೭ರಿಂದ ಮುಂದೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಸಾವಿರಗಟ್ಟಲೆ ಬಂದುವು. ದೂರುಗಳಲ್ಲಿ ಹೇಳಿದ ಸಾವುಗಳೇ ೧,೦೦೦ವನ್ನು ಮೀರಿದುವು. ವರ್ಷಗಟ್ಟಲೆ ಶೋಧನೆ ನಡೆದರೂ ಖಚಿತವಾದ ಕಾರಣ ಸಿಕ್ಕಲಿಲ್ಲ. ಇಂತಹ ಸುದ್ದಿಯನ್ನು ಓದಿದವರು, ನಮ್ಮ ನಾಯಿಯ ತಿನಿಸನ್ನು ನಾವೇ ಮಾಡಿಕೊಳ್ಳೋಣವೆಂದು ಹೊರಟರೆ ಆಶ್ಚರ್ಯವಿಲ್ಲ. ಹಾಗೆ ಹೊರಟವರ ಕೈಗೆ ಸುಲಭವಾಗಿ ಸಿಕ್ಕುವ ಸಾಧನ ಏರ್ ಫ್ರೈಯರ್. ಆದರೆ ಮನೆಯಲ್ಲಿ ಮಾಡಿದುದೆಂಬ ಒಂದೇ ಕಾರಣದಿಂದ ತಿನಿಸು ನಿರಪಾಯವಾಗುವುದಿಲ್ಲ. ಈ ಯಂತ್ರದೊಳಗೆ ಶಾಖವು ಒಳಗೆ ಹೋಗುವ ಬಗೆಯೂ ನೀರು ಹೊರಗೆ ಬರುವ ಬಗೆಯೂ ಬೇರೆ ಬೇರೆ ಎಂಬುದನ್ನು ತಿಳಿದವರಿಗೆ ಮಾತ್ರ ಅದು ನಿರಪಾಯ.

ಯಂತ್ರದ ಹೆಸರಿನಿಂದ ವಾಚಕರು ಮೋಸಹೋಗಬಾರದು. ೨೦೧೦ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಈ ಹೆಸರಿನ ಯಂತ್ರವನ್ನು ಮಾರುಕಟ್ಟೆಗೆ ತಂದರು. ಆದರೆ ಇದರಲ್ಲಿ ಕರಿಯುವ ಕೆಲಸವೇನೂ ನಡೆಯದು. ಮೇಲೊಂದು ಕಾದ ತಂತಿಸುರುಳಿ, ಅದರ ಬೆನ್ನಿಗೊಂದು ಬೀಸಣಿಗೆ, ಕೆಳಗೊಂದು ತೂತಿನ ಬುಟ್ಟಿ: ಇಷ್ಟೇ ಇದರ ಸಂಸಾರ. ಬಿಸಿಗಾಳಿಯನ್ನು ರಭಸದಿಂದ ಸುತ್ತಿಸುವ ಚಿಕ್ಕ ಒಲೆಯೆಂದರೆ ಸರಿಯಾದೀತು.

ಗಾಳಿಯನ್ನು ಏಕೆ ಓಡಿಸಬೇಕು? ಕುದಿಯುವ ನೀರಿನಲ್ಲಿ ಬೆರಳನ್ನು ಅದ್ದಿದರೆ ಕ್ಷಣದಲ್ಲಿ ಬೊಬ್ಬೆ ಏಳುವುದು. ಆದರೆ ೧೮೦ ಡಿಗ್ರಿ ಸೆಂಟಿಗ್ರೇಡಿನ ಗಾಳಿ ತುಂಬಿದ ಒಲೆಯೊಳಗೆ, ಲೋಹವನ್ನು ಮುಟ್ಟದಂತೆ, ಅರೆಗಳಿಗೆ ಕೈಯಿಟ್ಟು ತೆಗೆಯಬಹುದು. ಗಾಳಿ ವಿರಳವಾದ ವಸ್ತು, ಶಾಖವನ್ನು ಕೊಡುವುದರಲ್ಲಿ ಬಲು ಜಿಪುಣ. ಅಲ್ಲದೆ ಪ್ರತಿಯೊಂದು ಪದಾರ್ಥದ ಮೈಗೂ ನಿಶ್ಚಲವಾದ ಗಾಳಿಯ ತೆಳುಪದರವೊಂದು ಹೊದಿಕೆಯಂತೆ ಅಂಟಿಕೊಂಡಿರುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವಾಗ ನಾವು ಚದರಿಸುವುದು ಈ ಹೊದಿಕೆಯನ್ನೇ. ಏರ್ ಫ್ರೈಯರಿನ ಬೀಸಣಿಗೆಯೂ ಅದನ್ನೇ ಮಾಡುತ್ತದೆ, ಆದರೆ ತಣಿಸುವುದಕ್ಕಲ್ಲ, ಕಾಯಿಸುವುದಕ್ಕೆ. ಹೊದಿಕೆ ತೆಳುವಾದಂತೆ ಶಾಖವು ಬೇಗ ಒಳಹೊಗುವುದು, ನೀರಿನ ಆವಿಯೂ ಬೇಗ ಹೊರಬೀಳುವುದು.

ಇನ್ನು ಲೆಕ್ಕವನ್ನು ನೋಡೋಣ. ೧೦೦ ಗ್ರಾಮು ಕೋಳಿಮಾಂಸದಲ್ಲಿ ಸುಮಾರು ೭೫ ಗ್ರಾಮು ನೀರೇ. ಆ ಮಾಂಸವನ್ನು ೨೫ ಡಿಗ್ರಿಯಿಂದ ೭೫ ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ೧೭-೧೮ ಕಿಲೋಜೂಲು. ಅದರಿಂದ ೬೦ ಗ್ರಾಮು ನೀರನ್ನು ಆವಿ ಮಾಡಿ ಕಳೆಯಲು ಬೇಕಾಗುವುದಾದರೋ ಸುಮಾರು ೧೩೫ ಕಿಲೋಜೂಲು! ಬೇಯಿಸುವುದಕ್ಕಿಂತ ಒಣಗಿಸುವುದು ಏಳೆಂಟು ಪಟ್ಟು ದುಬಾರಿ. ನೀರಿನ ಗುಪ್ತೋಷ್ಣವು ಅಷ್ಟು ದೊಡ್ಡದು. ಬೇಯುವುದಕ್ಕೆ ನಿಮಿಷಗಳು ಸಾಕು, ಒಣಗುವುದಕ್ಕೆ ಗಂಟೆಗಳು ಬೇಕು.

ಈ ಗುಪ್ತೋಷ್ಣದಲ್ಲಿಯೇ ಅಪಾಯವೂ ಅಡಗಿದೆ. ಒಣಗಿಸಬೇಕಾದರೆ ಸಣ್ಣ ಕಾವಿನಲ್ಲಿ ಬಹಳ ಹೊತ್ತು ಇಡಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಹಲವು ಯಂತ್ರಗಳಲ್ಲಿ ಅದಕ್ಕಾಗಿ ಬೇರೆಯೇ ಒಂದು ಗುಂಡಿಯಿದೆ. ಹಸಿಮಾಂಸದ ಚೂರುಗಳನ್ನು ಬುಟ್ಟಿಯಲ್ಲಿ ಹರಡಿ, ಕಾವನ್ನು ೭೦ ಡಿಗ್ರಿಗೆ ತಿರುಗಿಸಿದೆವೆಂದಿಟ್ಟುಕೊಳ್ಳಿ. ಗಾಳಿ ೭೦ ಡಿಗ್ರಿಯಲ್ಲಿದೆ. ಮಾಂಸವೂ ೭೦ ಡಿಗ್ರಿಗೆ ಏರಿರಬೇಕಲ್ಲವೆ? ಇಲ್ಲ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ಹೇಗೆ ತಂಪಾಗಿರುವುದೋ, ಕಿಟಕಿಗೆ ಕಟ್ಟಿದ ಒದ್ದೆ ಲಾವಂಚದ ತಡಿಕೆ ಹೇಗೆ ಸೆಕೆಯನ್ನು ಕಳೆಯುವುದೋ, ಹಾಗೆಯೇ ಒದ್ದೆ ಮಾಂಸವು ತನ್ನ ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಾನೇ ತಂಪುಮಾಡಿಕೊಳ್ಳುತ್ತದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಒಣ ಉಷ್ಣಮಾಪಕಕ್ಕಿಂತ ಕಡಮೆ ತೋರಿಸುವುದೂ ಇದರಿಂದಲೇ. ೭೦ ಡಿಗ್ರಿಯ ಒಣಗಾಳಿಯಲ್ಲಿ ಒದ್ದೆ ಮೈಯ ಉಷ್ಣತೆ ಬಹಳ ಹೊತ್ತು ೩೦ರಿಂದ ೪೦ ಡಿಗ್ರಿಗಳ ನಡುವೆಯೇ ನಿಲ್ಲಬಹುದು. ಸಾಲ್ಮೊನೆಲ್ಲದಂತಹ ಏಕಾಣುಜೀವಿಗಳಿಗೆ ಇದಕ್ಕಿಂತ ಹಿತವಾದ ಹವೆ ಬೇರೆ ಬೇಕೆ? ಮಾಂಸ ಒಣಗಿ ಕಾವು ಏರುವ ಹೊತ್ತಿಗೆ ಇನ್ನೊಂದು ತೊಡಕು ಕಾದಿರುತ್ತದೆ: ನೀರಿಲ್ಲದೆ ಒಣಗಿದ ಏಕಾಣುಜೀವಿಗಳು ಶಾಖವನ್ನು ಹೆಚ್ಚು ತಡೆದುಕೊಳ್ಳಬಲ್ಲವು. ತೇವವಿದ್ದಾಗ ಸಾಯುತ್ತಿದ್ದ ಕಾವಿನಲ್ಲಿ ಅವು ಬದುಕಿ ಉಳಿಯುತ್ತವೆ.

ನಾಯಿಯ ಹೊಟ್ಟೆ ಕಲ್ಲನ್ನೂ ಕರಗಿಸುವುದೆಂದು ಕೆಲವರು ನಗಬಹುದು. ಸಾಲ್ಮೊನೆಲ್ಲ ಹೊಕ್ಕ ನಾಯಿ ತಾನು ಕಾಯಿಲೆ ಬೀಳದೆಯೂ ಅದನ್ನು ಮಲದಲ್ಲಿ ಚೆಲ್ಲಬಲ್ಲುದು. ಅದರೊಡನೆ ಆಡುವ ಕೂಸು ಆ ಕೈಯನ್ನೇ ಬಾಯಿಗಿಡುವುದು.

ಆದುದರಿಂದ ಕ್ರಮವನ್ನು ತಿರುವುಮುರುವು ಮಾಡಬೇಕು. ಮೊದಲು ಬೇಯಿಸಿ ಅನಂತರ ಒಣಗಿಸಬೇಕು. ಅಮೆರಿಕದ ಕೃಷಿ ಇಲಾಖೆ ಮನೆಯಲ್ಲಿ ಮಾಂಸ ಒಣಗಿಸುವವರಿಗೆ ಹೇಳುವುದೂ ಇದನ್ನೇ: ಕೋಳಿಯಾದರೆ ಒಳಭಾಗವು ೭೪ ಡಿಗ್ರಿಗೂ, ಕುರಿ ಮೊದಲಾದವುಗಳ ಮಾಂಸವಾದರೆ ೭೧ ಡಿಗ್ರಿಗೂ ಏರಿದ ಮೇಲೆಯೇ ಒಣಗಿಸಲು ತೊಡಗಬೇಕು. ಬಣ್ಣವನ್ನು ನೋಡಿ ಬೆಂದಿದೆಯೆಂದು ತೀರ್ಮಾನಿಸುವುದು ಸಲ್ಲದು. ಹೊಂಬಣ್ಣ ಬರುವುದು ಸುಮಾರು ೧೪೦ ಡಿಗ್ರಿಯ ಮೇಲೆ. ಒದ್ದೆಯಾಗಿರುವ ಭಾಗವಾದರೋ ನೀರಿನ ಕುದಿಯುವ ಬಿಂದುವನ್ನು, ಎಂದರೆ ಬೆಂಗಳೂರಿನ ಎತ್ತರದಲ್ಲಿ ಸುಮಾರು ೯೭ ಡಿಗ್ರಿಯನ್ನು, ದಾಟಲಾರದು. ಹೊಂಬಣ್ಣವು ಹೊರಚರ್ಮ ಒಣಗಿತೆಂಬುದಕ್ಕೆ ಸಾಕ್ಷಿಯೇ ಹೊರತು ಒಳಗಿನ ಸಮಾಚಾರವನ್ನು ಅದು ಹೇಳದು. ಚೂಪುಮೊನೆಯ ಅಡಿಗೆಯ ಉಷ್ಣಮಾಪಕವೊಂದನ್ನು ಕೊಳ್ಳುವುದೇ ಲೇಸು.

ಚೂರಿನ ದಪ್ಪದ ಮಾತು ಇದಕ್ಕೆ ಸೇರಿದುದೇ. ಮಾಂಸದೊಳಗೆ ಶಾಖವು ವಹನದಿಂದ ಮೆಲ್ಲಗೆ ಸಾಗುತ್ತದೆ. ತಗಲುವ ಕಾಲವು ದಪ್ಪದ ವರ್ಗವನ್ನು ಅನುಸರಿಸುತ್ತದೆ. ಒಂದು ಸೆಂಟಿಮೀಟರು ದಪ್ಪದ ಚೂರಿನ ನಡುವಿಗೆ ಕಾವು ಮುಟ್ಟಲು ಮೂರು ನಿಮಿಷದಷ್ಟು ಬೇಕಾದರೆ, ಎರಡು ಸೆಂಟಿಮೀಟರಿನದಕ್ಕೆ ಬೇಕಾಗುವುದು ಆರಲ್ಲ, ಹನ್ನೆರಡು. ಒಣಗುವುದಕ್ಕೂ ಹೆಚ್ಚುಕಡಮೆ ಇದೇ ನಿಯಮ. ಅರ್ಧ ಸೆಂಟಿಮೀಟರಿಗೆ ಮೀರದಂತೆ ಕೊಯ್ದು, ಒಂದರ ಮೇಲೊಂದು ಬೀಳದಂತೆ ಹರಡಿ, ೧೮೦ ಡಿಗ್ರಿಯಲ್ಲಿ ಬೇಯಿಸಿ, ಅಳೆದು ನೋಡಿ, ಆಮೇಲೆ ಕಾವನ್ನು ೭೦-೮೦ಕ್ಕೆ ಇಳಿಸಿ ಒಣಗಿಸಬಹುದು. ಮೊದಲಿನ ಕಾವಿನಲ್ಲಿಯೇ ಮುಂದುವರಿಸಿದರೆ ಹೊರಮೈ ಗಟ್ಟಿಯಾದ ಹುರುಪೆ ಕಟ್ಟಿ, ಒಳಗಿನ ನೀರಿಗೆ ಬಾಗಿಲು ಹಾಕಿದಂತಾಗುತ್ತದೆ.

ಒಣಗಿತೆಂದು ತಿಳಿಯುವುದೆಂತು? ಬೆರಳಿಗಿಂತ ತಕ್ಕಡಿಯೇ ಒಳ್ಳೆಯ ಸಾಕ್ಷಿ. ೫೦೦ ಗ್ರಾಮು ಹಸಿ ಕೋಳಿಮಾಂಸದಲ್ಲಿ ನೀರಲ್ಲದ ಭಾಗ ಸುಮಾರು ೧೨೫ ಗ್ರಾಮು. ಕೊನೆಗೆ ತೂಕ ೧೫೦-೧೫೫ ಗ್ರಾಮಿಗೆ ಇಳಿದರೆ ಉಳಿದಿರುವ ನೀರು ಐದನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಅಂಗಡಿಯ ತಿನಿಸಿನಲ್ಲಿ ಸೇರಿಸುವ ರಕ್ಷಕ ವಸ್ತುಗಳು ಇದರಲ್ಲಿಲ್ಲವಾದ್ದರಿಂದ ಇಷ್ಟು ಒಣಗಿದ ಮೇಲೂ ಫ್ರಿಜ್ಜಿನಲ್ಲಿಯೇ ಇಡಬೇಕು.

ಬಿಸ್ಕತ್ತಿನ ಕಥೆ ಇಷ್ಟು ಕಠಿನವಲ್ಲ. ನಾಯಿಗೆ ಹಿಟ್ಟು ಸಲ್ಲದೆಂಬ ವಾದವೊಂದುಂಟು. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ಬಹಳ ಹೆಚ್ಚೆಂದು ಸ್ವೀಡನ್ನಿನ ವಿಜ್ಞಾನಿಗಳು ೨೦೧೩ರಲ್ಲಿ ತೋರಿಸಿಕೊಟ್ಟರು. ಮುದ್ದೆ ತಿಂದು ಬಾಳಿದ ನಮ್ಮ ಹಳ್ಳಿಯ ನಾಯಿಗಳು ಅದನ್ನು ಮೊದಲೇ ತೋರಿಸಿದ್ದವು. ಬೇಯಿಸಿ ಹಿಸುಕಿದ ಗೆಣಸಿಗೆ ರಾಗಿಹಿಟ್ಟನ್ನು ಕಲಸಿ ಒಂದು ಮೊಟ್ಟೆ ಸೇರಿಸಿದರೆ ಸಾಕು. ರಾಗಿಯಲ್ಲಿ ಗೋದಿಯ ಅಂಟಿಲ್ಲ. ಹಿಟ್ಟು ಒಡೆಯದಂತೆ ಹಿಡಿದಿಡುವುದು ಮೊಟ್ಟೆ. ತೆಳುವಾಗಿ ತಟ್ಟಿ ೧೬೦ ಡಿಗ್ರಿಯಲ್ಲಿ ಬೇಯಿಸಿ, ಬಳಿಕ ಸಣ್ಣ ಕಾವಿನಲ್ಲಿ ಒಣಗಿಸಬೇಕು. ಅಂಚು ಬೇಗ ಒಣಗಿ ನಡುವೆ ತೇವ ಉಳಿಯುವುದರಿಂದ, ಯಂತ್ರವನ್ನು ನಿಲ್ಲಿಸಿದ ಮೇಲೂ ಒಳಗೇ ಆರಲು ಬಿಟ್ಟರೆ ಗರಿಗರಿತನ ಸಮನಾಗಿ ಬರುತ್ತದೆ. ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನು ಹೀರಿ ಮತ್ತೆ ಮೆತ್ತಗಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಅಗತ್ಯ.

ಏನನ್ನು ಹಾಕಬಾರದೆಂಬುದು ಏನನ್ನು ಹಾಕಬೇಕೆಂಬುದಕ್ಕಿಂತ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿಗಳು ಹಸಿಯಾಗಿರಲಿ ಪುಡಿಯಾಗಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟು ಸಲ್ಲದು. ಎಲ್ಲಕ್ಕಿಂತ ಮೋಸದ ವಸ್ತು ಜೈಲಿಟಾಲ್. ಸಕ್ಕರೆಯಿಲ್ಲದ ಸಿಹಿತಿಂಡಿಗಳಲ್ಲಿಯೂ ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿಯೂ ಇರುವ ಈ ಸಿಹಿ ಮನುಷ್ಯನಿಗೆ ನಿರುಪದ್ರವಿ. ನಾಯಿಯಲ್ಲಾದರೋ ಅದು ಇನ್ಸುಲಿನ್ನನ್ನು ಒಮ್ಮೆಗೇ ಉಕ್ಕಿಸಿ ರಕ್ತದ ಸಕ್ಕರೆಯನ್ನು ಕುಸಿಯಿಸುತ್ತದೆ. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ೦.೧ ಗ್ರಾಮು ಹೋದರೂ ಸಾಕು. ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವ ತಾಳ್ಮೆ ಇಲ್ಲದವರು ಡಬ್ಬಿಯ ಪದಾರ್ಥವನ್ನೇ ಬಿಡುವುದು ಒಳಿತು.

ಕೊನೆಗೆ, ಎಷ್ಟು ಕೊಡಬೇಕು? ಪ್ರಾಣಿಗಳ ಶಕ್ತಿಯ ಆವಶ್ಯಕತೆ ತೂಕದಷ್ಟೇ ಬೇಗ ಏರುವುದಿಲ್ಲ, ತೂಕದ ಮುಕ್ಕಾಲನೆಯ ಘಾತದಂತೆ ಏರುತ್ತದೆ. ಮ್ಯಾಕ್ಸ್ ಕ್ಲೈಬರ್ ೧೯೩೨ರಲ್ಲಿ ಪ್ರಕಟಿಸಿದ ಈ ನಿಯಮವನ್ನೇ ಪಶುವೈದ್ಯರು ಇಂದಿಗೂ ಬಳಸುವರು. ನಾಲ್ಕು ಪಟ್ಟು ತೂಕದ ನಾಯಿಗೆ ಮೂರು ಪಟ್ಟು ಆಹಾರವೂ ಬೇಡ. ೧೦ ಕಿಲೋಗ್ರಾಮಿನ ನಾಯಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ೩೯೦ ಕಿಲೋಕ್ಯಾಲರಿಯಷ್ಟು ಬೇಕು. ಓಡಾಟವನ್ನೂ ಸೇರಿಸಿದರೆ ಸುಮಾರು ೬೩೦. ತಿನಿಸಿನ ಪಾಲು ಇದರಲ್ಲಿ ಹತ್ತನೆಯ ಒಂದನ್ನು ಮೀರಬಾರದೆಂಬುದು ವಾಡಿಕೆಯ ಮಿತಿ, ಎಂದರೆ ೬೩. ಐದುನೂರು ಗ್ರಾಮು ಹಸಿಮಾಂಸದ ಸುಮಾರು ೫೫೦ ಕಿಲೋಕ್ಯಾಲರಿಯೆಲ್ಲ ಒಣಗಿದ ನೂರೈವತ್ತು ಗ್ರಾಮಿನಲ್ಲಿ ಹುದುಗಿರುವುದರಿಂದ, ಅಂತಹ ನಾಯಿಗೆ ದಿನಕ್ಕೆ ಸಲ್ಲುವ ಒಣಮಾಂಸ ೧೬-೧೭ ಗ್ರಾಮು ಮಾತ್ರ. ಅದನ್ನು ಉಗುರಿನಷ್ಟು ಚಿಕ್ಕ ಚೂರುಗಳಾಗಿ ಮುರಿದಿಟ್ಟುಕೊಂಡರೆ ದಿನವಿಡೀ ಕೊಡಲು ಬರುತ್ತದೆ.