ಬ್ರೇಕ್ ಪ್ಯಾಡ್ ನಾವೇ ಬದಲಿಸಬಹುದೇ?

ಪ್ರಶ್ನೆ: ಕಾರಿನ ಬ್ರೇಕ್ ಪ್ಯಾಡನ್ನು ಮನೆಯಲ್ಲೇ ಬದಲಿಸಲು ಆಗುತ್ತದೆಯೇ? ಹೊಸ ಪ್ಯಾಡ್ ದಪ್ಪಗಿರುತ್ತದಲ್ಲ, ಸವೆದ ಪ್ಯಾಡಿನ ಜಾಗದಲ್ಲಿ ಕೂರುವುದು ಹೇಗೆ?
– ಓದುಗರೊಬ್ಬರು, ಮಣಲಿ, ಚೆನ್ನೈ

ಉತ್ತರ: ಮುಂದಿನ ಚಕ್ರಗಳದ್ದಾದರೆ ಧಾರಾಳವಾಗಿ ಆಗುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಹೆಚ್ಚಾಗಿ ಡ್ರಮ್ ಬ್ರೇಕ್ ಇರುತ್ತದೆ. ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಕೆಲಸದ ಗುಟ್ಟಿದೆ. ಪ್ಯಾಡ್ ಸವೆದಷ್ಟೂ ಕ್ಯಾಲಿಪರ್ ಒಳಗಿನ ಪಿಸ್ಟನ್ ಮುಂದೆ ಬಂದು ನಿಂತಿರುತ್ತದೆ. ಸಿ-ಕ್ಲ್ಯಾಂಪ್ ಹಾಕಿ ನಿಧಾನವಾಗಿ ಹಿಂದಕ್ಕೆ ಒತ್ತಿದರೆ ಜಾಗವಾಗುತ್ತದೆ. ಆಗ ಬ್ರೇಕ್ ಆಯಿಲ್ ಬಾನೆಟ್ ಕೆಳಗಿನ ಡಬ್ಬಿಗೆ ಮರಳಿ ಏರುತ್ತದೆ. ಹೊರಗೆ ತುಳುಕಿದರೆ ಪೇಂಟ್ ಹಾಳು. ಬಿಚ್ಚಿದ ಕ್ಯಾಲಿಪರನ್ನು ಹೋಸ್‌ನಲ್ಲಿ ಜೋತುಬಿಡದೆ ತಂತಿಯಿಂದ ಕಟ್ಟಿ.

ಮಣಲಿಯವರಿಗೆ ಇನ್ನೊಂದು ತಲೆನೋವು ಎಣ್ಣೂರಿನ ಕಡಲಗಾಳಿ. ಉಪ್ಪಿಗೆ ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕು ಹಿಡಿದರೆ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಪಿನ್ ಒರೆಸಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿ. ಅದು ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಸೋಕಬಾರದು.

ಪ್ಯಾಡನ್ನು ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಿ.

ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿಯುತ್ತಲೇ ಇರಿ. ಇಲ್ಲದಿದ್ದರೆ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದೇ ಇಲ್ಲ. ಕಂಟೇನರ್ ಲಾರಿಗಳ ನಡುವೆ ನುಗ್ಗುವ ಮೊದಲು ನಿಮ್ಮ ಬೀದಿಯಲ್ಲೇ ನಿಧಾನವಾಗಿ ಓಡಿಸಿ ನೋಡಿಕೊಳ್ಳಿ.