ಟಕ್ ಅಂತ ಮುಚ್ಚುವ ಕ್ರೋಶಾ ಬ್ಯಾಗು

ಟೀವಿ ಮೇಲೆ, ಟೀಪಾಯಿ ಮೇಲೆ, ಕೊನೆಗೆ ಲ್ಯಾಂಡ್‌ಲೈನ್ ಫೋನಿನ ಮೇಲೂ ಹೊದಿಸಿರುತ್ತಿದ್ದ ಬಿಳಿ ಕ್ರೋಶಾ ಬಟ್ಟೆಗಳು ನೆನಪಿವೆಯಾ? ನಮ್ಮನೆಯಲ್ಲಿ ಅವೆಲ್ಲ ಅಮ್ಮನ ಕೈಯವು. ‘ಓಲ್ಡ್ ಫ್ಯಾಶನ್’ ಅಂತ ನಕ್ಕವಳೇ ನಾನು. ಈಗ ಅವಳಿಗೇ ವಿಡಿಯೊ ಕಾಲ್ ಮಾಡಿ ಕಲಿತು, ಕಪ್ಪು-ಬಿಳುಪು ಸಿನಿಮಾದ ನಾಯಕಿಯರ ಕೈಯಲ್ಲಿರುತ್ತಿದ್ದಂಥ, ಟಕ್ ಅಂತ ಮುಚ್ಚುವ ಲೋಹದ ಫ್ರೇಮಿನ ಬ್ಯಾಗು ಹೆಣೆದಿದ್ದೇನೆ.

ಮೊದಲು ಉಣ್ಣೆ ತಂದೆ. ಜೋತುಬಿತ್ತು. ಬ್ಯಾಗಿಗೆ ಹತ್ತಿ ದಾರವೇ ಸರಿ. ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಹಿಡಿದು ಬಿಗಿಯಾಗಿ ಸಿಂಗಲ್ ಕ್ರೋಶಾ ಹಾಕಿದರೆ ನೆಟ್ಟಗೆ ನಿಲ್ಲುತ್ತೆ. ಫ್ರೇಮನ್ನು ಮಧ್ಯದ ತೂತಿನಿಂದ ಶುರುಮಾಡಿ ಎರಡೂ ತುದಿಗೆ ಹೊಲಿಯಿರಿ, ಸೊಟ್ಟಗಾಗಲ್ಲ.

ಮೊದಲ ದಿನವೇ ಚಾರ್ಜರ್, ನೀರಿನ ಬಾಟ್ಲಿ ತುಂಬಿದೆ. ಸೊಂಟದ ಹತ್ತಿರ ಇದ್ದ ಬ್ಯಾಗು ಸಂಜೆಗೆ ಮೊಣಕಾಲಿಗೆ ಬಂತು! ಕ್ರೋಶಾ ಭಾರಕ್ಕೆ ಹಿಗ್ಗುತ್ತೆ. ಅಮ್ಮ ಹೇಳಿದಂತೆ ಹಳೇ ಕಾಟನ್ ಸೀರೆಯ ಲೈನಿಂಗ್ ಕೊಟ್ಟು, ಹಿಡಿಕೆಯ ಹಿಂದೆಯೂ ಅದರದೇ ಪಟ್ಟಿ ಹೊಲಿದೆ.

‘ಆನ್‌ಲೈನ್‌ನಲ್ಲಿ ಐನೂರಕ್ಕೆ ಸಿಗುತ್ತಲ್ಲೇ’ ಅಂದಳು ಗೆಳತಿ. ನಿಟ್ಟಿಂಗ್‌ಗೆ ಯಂತ್ರವಿದೆ. ಆದರೆ ಮಾರುಕಟ್ಟೆಗೆ ಬರುವ ಕ್ರೋಶಾವನ್ನು ಈಗಲೂ ಯಾರೋ ಕೂತು ಕೈಯಲ್ಲೇ ಹೆಣೆದಿರುತ್ತಾರೆ. ನನಗೆ ಹಿಡಿದದ್ದು 11 ಸಂಜೆ. ಕೈ ಪಳಗಿದವರಿಗೆ ನಾಲ್ಕೇ ಅಂದುಕೊಳ್ಳಿ. ದಾರ, ಫ್ರೇಮು, ಅಂಗಡಿಯ ಪಾಲು ಕಳೆದು ಆ ಐನೂರರಲ್ಲಿ ಅವಳಿಗೆಷ್ಟು ಉಳಿದೀತು?

ಟೀವಿ ಚಪ್ಪಟೆಯಾದ ಮೇಲೆ ಅಮ್ಮ ಮಡಚಿಟ್ಟಿದ್ದ ಬಟ್ಟೆಗಳನ್ನು ಕಳೆದ ವಾರ ನಾನೇ ಕೇಳಿ ತಂದೆ.