ಪರೀಕ್ಷೆಗೆ ಬೆಂಗಳೂರಿಗೆ ಹೊರಟಿರಾ? ತಂಗುವುದು ಎಲ್ಲಿ?

ಬದನವಾಳಿನಿಂದ ನಂಜನಗೂಡಿಗೆ ಬಂದು, ಅಲ್ಲಿಂದ ಮೈಸೂರು ಸೇರಿ, ಮತ್ತೆ ಸುಮಾರು 140 ಕಿ.ಮೀ. ಸಾಗಿದರೆ ಬೆಂಗಳೂರು. ಬೆಳಿಗ್ಗೆ ಒಂಬತ್ತಕ್ಕೆ ಪ್ರವೇಶ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಅಂದೇ ಊರು ಬಿಟ್ಟು ತಲುಪುವುದು ಕಷ್ಟ. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ತಂಗಬೇಕು. ಖಾದಿ ಕೇಂದ್ರದಿಂದ ಹೆಸರಾದ ಈ ಊರಿನ ಮಕ್ಕಳಿಗಷ್ಟೇ ಅಲ್ಲ, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಬಹುತೇಕ ಹಳ್ಳಿಗಳ ವಿದ್ಯಾರ್ಥಿಗಳಿಗೂ ಇದು ತಪ್ಪಿದ್ದಲ್ಲ. ವರ್ಷವಿಡೀ ಓದಿದ್ದು ಒಂದು ರಾತ್ರಿ ನಿದ್ದೆಗೆಟ್ಟಿದ್ದರಿಂದ ಕೈಕೊಡಬಾರದು. ಹೀಗಾಗಿ ತಂಗುವ ಜಾಗದ ಆಯ್ಕೆಯೂ ಪರೀಕ್ಷೆಯ ತಯಾರಿಯ ಒಂದು ಭಾಗ.

ಬಾಡಿಗೆಯಲ್ಲ, ಒಟ್ಟು ಖರ್ಚು

ಪೋಷಕರು ಸಾಮಾನ್ಯವಾಗಿ ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಪರೀಕ್ಷಾ ಕೇಂದ್ರ ಎಷ್ಟು ದೂರವೆಂದು. ಒಂದು ಸಣ್ಣ ಲೆಕ್ಕ ನೋಡಿ. ದೂರದ ಕೋಣೆಗೆ 600 ರೂ., ಕೇಂದ್ರದ ಹತ್ತಿರದ ಕೋಣೆಗೆ 900 ರೂ. ಎಂದಿಟ್ಟುಕೊಳ್ಳಿ. ದೂರದಿಂದ ಆಟೊದಲ್ಲಿ ಹೋಗಿಬರಲು 400 ರೂ. ಆದರೆ ಒಟ್ಟು 1000 ರೂ. ಅಗ್ಗವೆಂದುಕೊಂಡದ್ದೇ ದುಬಾರಿ! ಇದರ ಮೇಲೆ ಒಂದು ಗಂಟೆಯ ನಿದ್ದೆ ನಷ್ಟ, ವಾಹನ ದಟ್ಟಣೆಯ ಆತಂಕ ಬೇರೆ.

ಬೆಂಗಳೂರೆಂದರೆ ಮೆಜೆಸ್ಟಿಕ್ ಎಂಬ ಭಾವನೆಯನ್ನೂ ಬಿಡಬೇಕು. ಹಳೆಯ ಮೈಸೂರು ರಸ್ತೆಯಲ್ಲಿ ಬರುವವರಿಗೆ ಮೆಜೆಸ್ಟಿಕ್‌ಗಿಂತ ಮೊದಲೇ ಕೆಂಗೇರಿ, ಬಳಿಕ ಸ್ಯಾಟಲೈಟ್ ಬಸ್ ನಿಲ್ದಾಣ ಸಿಗುತ್ತವೆ. ಕೇಂದ್ರ ಜ್ಞಾನಭಾರತಿಯ ಕಡೆ ಇದ್ದರೆ ಅಲ್ಲೇ ಇಳಿದು ತಂಗುವುದು ಜಾಣತನ. ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿಯಲ್ಲೇ ಕೆಲಸವಿದ್ದರೆ ಮೆಜೆಸ್ಟಿಕ್ ಸುತ್ತಮುತ್ತ ಅನುಕೂಲ. ಮೆಟ್ರೊ ರೈಲಿನ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದೂ ಅಲ್ಲಿಯೇ. 2023ರಿಂದ ನೇರಳೆ ಮಾರ್ಗದ ರೈಲು ಕೆಂಗೇರಿಯಾಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತಿದೆ. ಆದರೆ ಒಂದು ಎಚ್ಚರ: ಎಷ್ಟೋ ಪರೀಕ್ಷೆಗಳು ನಡೆಯುವುದು ಭಾನುವಾರ. ಅಂದು ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ. ಮೊದಲ ರೈಲಿನ ಸಮಯವನ್ನು ಮುನ್ನಾದಿನವೇ ವಿಚಾರಿಸಿಕೊಳ್ಳಿ.

ಹೊಸ ಜಾಗದ ನಿದ್ದೆ

ಹೊಸ ಜಾಗದಲ್ಲಿ ನಿದ್ದೆ ಬಾರದೆಂಬುದು ಎಲ್ಲರ ಅನುಭವ. ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಅರ್ಧಗೋಳ ಇನ್ನೊಂದರಷ್ಟು ಗಾಢವಾಗಿ ನಿದ್ರಿಸುವುದಿಲ್ಲ, ಕಾವಲುಗಾರನಂತೆ ಎಚ್ಚರವಾಗಿರುತ್ತದೆ. ಆದ್ದರಿಂದ ರಾತ್ರಿ ಹತ್ತಕ್ಕೆ ಹೋಗಿ ಮಲಗುವುದಕ್ಕಿಂತ ಸಂಜೆಯೊಳಗೆ ತಲುಪಿ, ಕೇಂದ್ರವನ್ನೊಮ್ಮೆ ನೋಡಿ ಬಂದು, ಬೇಗ ಊಟ ಮಾಡಿ ಮಲಗುವುದು ಒಳ್ಳೆಯದು. ಕೋಣೆ ರಸ್ತೆಯ ಕಡೆಗಿರದೆ ಹಿಂಬದಿಯಲ್ಲಿದ್ದರೆ ಲೇಸು.

ಮುಂಗಡ ಕೊಡುವ ಮುನ್ನ ಕೋಣೆಯನ್ನು ಕಣ್ಣಾರೆ ನೋಡಿ. ಬಾಗಿಲಿಗೆ ಒಳಗಿನಿಂದ ಭದ್ರವಾದ ಚಿಲಕವಿದೆಯೇ? ಹಾಸಿಗೆಯ ಹೊಲಿಗೆಗಳಲ್ಲಿ ಕಪ್ಪು ಚುಕ್ಕೆಗಳಿವೆಯೇ? ಇದ್ದರೆ ತಿಗಣೆ ಇರಬಹುದು. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇದ್ದು ಗಾಳಿಯಾಡದಿದ್ದರೆ ಆ ಕೋಣೆ ಬೇಡವೇ ಬೇಡ. ಅನಿಲ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲದು. ಕೋಣೆ ಬಿಡುವ ಸಮಯ ಮಧ್ಯಾಹ್ನ ಹನ್ನೆರಡೋ ಅಥವಾ 24 ಗಂಟೆಯ ಲೆಕ್ಕವೋ ಎಂಬುದನ್ನು ಕೇಳಿ, ರಸೀದಿ ಪಡೆಯಿರಿ. ಗುರುತಿನ ಚೀಟಿ ಮರೆಯಬೇಡಿ.

ತಂಗುವುದು ನಿಮ್ಮ ಹಕ್ಕು

ಹಿಂದೆ ದೂರದೂರಿನವರಿಗೆ ಛತ್ರಗಳೇ ಆಸರೆ. ಬೆಂಗಳೂರು ನಗರ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಆದರೆ ತಂಗುವ ಜಾಗವನ್ನು ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ವಿದೇಶದಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದ ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ಜಾತಿಯ ಕಾರಣ ಮನೆ ಸಿಗದೆ, ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಇರಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಅವರನ್ನು ಹೊರಹಾಕಿದರು. ಮುಂದೆ ಅವರ ನೇತೃತ್ವದ ಸಮಿತಿಯೇ ಕರಡು ರೂಪಿಸಿದ ಸಂವಿಧಾನದ 15ನೇ ವಿಧಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರಿಗೂ ಹೋಟೆಲುಗಳ ಪ್ರವೇಶ ತಡೆಯಕೂಡದೆಂದು ಸಾರಿತು. ನಗರಕ್ಕೆ ಹೊರಟ ಪ್ರತಿ ವಿದ್ಯಾರ್ಥಿಗೂ ಇದು ತಿಳಿದಿರಬೇಕು. ಹೋಟೆಲಿನಲ್ಲಿ ಜಾತಿ ಕೇಳಿದರೆ ತಲೆ ತಗ್ಗಿಸಬೇಕಾದವರು ನೀವಲ್ಲ.

ಬಂಧುಗಳ ಮನೆಯಿದ್ದರೆ ಖರ್ಚು ಉಳಿಯುತ್ತದೆ, ನಿಜ. ಆದರೆ ಆ ಮನೆಯೂ ಕೇಂದ್ರಕ್ಕೆ ಹತ್ತಿರವಿರಬೇಕು, ಮಾತುಕತೆ ರಾತ್ರಿ ಹನ್ನೊಂದರವರೆಗೆ ಬೆಳೆಯಬಾರದು. ಪರೀಕ್ಷೆ ಮುಗಿಸಿ ಸಂಜೆ ಮತ್ತೆ ಬಂದರೆ ಎಷ್ಟು ಹೊತ್ತಾದರೂ ಹರಟಬಹುದು!